ಬಾಲು ತಾಗಿದರೆ ಕೈ ಎತ್ತು: ಭಜನಾ ಮಂದಿರದ ಅಂಗಳದ ವಾಲಿಬಾಲ್

ಕಾಸರಗೋಡಿನ ಪೆರ್ಲ ಕಡೆಯ ನಮ್ಮ ಭಜನಾ ಮಂದಿರದ ಹುಡುಗರು ಈ ಸಲ ಪಂದ್ಯಾಟದಲ್ಲಿ ಸೆಮಿಫೈನಲ್‌ವರೆಗೆ ಹೋದರು. ಹೊರಗಿನ ಒಬ್ಬನೇ ಒಬ್ಬ ಗೆಸ್ಟ್ ಪ್ಲೇಯರ್ ಇರಲಿಲ್ಲ. "ಭಜನೆ ಮಾಡಿಸಿ, ಸತ್ಯ ಹೇಳಿಸಿ ವಾಲಿಬಾಲ್ ಗೆಲ್ಲಲಿಕ್ಕೆ ಆಗ್ತದಾ ಮಾಷ್ಟ್ರೇ?" ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಆಟದ ಜಗಳ, ಬೈಗುಳ ನಿಲ್ಲಿಸಲಿಕ್ಕೆ ಮೊದಲು ದಂಡ ಹಾಕಿ ನೋಡಿದೆವು. ಬೈದರೆ 10 ರೂಪಾಯಿ. ಗಲ್ಫ್‌ನಲ್ಲಿ ಅಣ್ಣ ಇರುವ ಹುಡುಗ ದುಡ್ಡು ಮುಂಚೆಯೇ ಕೊಟ್ಟು ಆಮೇಲೆ ಬೈದ! ಅಲ್ಲಿಗೆ ದಂಡ ಮುಗಿಯಿತು. ಆಮೇಲೆ ವಾರ್ಷಿಕೋತ್ಸವದ ಪಂದ್ಯಕ್ಕೆ ಕೆಲವು ಹಿರಿಯರು ಹೊರಗಿನಿಂದ ಇಬ್ಬರು ಸ್ಮ್ಯಾಶರ್‌ಗಳನ್ನು, ಅಂದರೆ ಹಾರಿ ಜೋರಾಗಿ ಬಾಲು ಹೊಡೆಯುವವರನ್ನು ತರಿಸಿದರು. ಒಬ್ಬೊಬ್ಬನಿಗೆ ಸುಮಾರು 3,000, ಊಟ ಬೇರೆ. ವರ್ಷವಿಡೀ ಆಡಿದ ನಮ್ಮ ಹುಡುಗರು ನೀರು ಕೊಡುತ್ತಾ ನಿಂತರು. ಮರುತಿಂಗಳು ಅರ್ಧಕ್ಕರ್ಧ ಮಂದಿ ಬರಲೇ ಇಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಹಿಡಿದದ್ದು ಒಂದೇ ನಿಯಮ. ಬ್ಲಾಕ್ ಮಾಡುವಾಗ, ಅಂದರೆ ನೆಟ್ ಹತ್ತಿರ ಹಾರಿ ಎದುರಿನವರ ಹೊಡೆತ ತಡೆಯುವಾಗ, ಬಾಲು ಬೆರಳಿಗೆ ತಾಗಿ ಹೊರಗೆ ಹೋದರೆ ಅದು ತಾಗಿದವನಿಗೆ ಮಾತ್ರ ಗೊತ್ತು, ಅಲ್ವಾ? ಅವನೇ ಕೈ ಎತ್ತಬೇಕು. ಪಾಯಿಂಟ್ ಎದುರಿನವರಿಗೆ ಹೋಗುತ್ತದೆ. ಆದರೆ ಮುಂದಿನ ವಾರದ ಕ್ಯಾಪ್ಟನ್ ಕೈ ಎತ್ತಿದವರಲ್ಲಿ ಒಬ್ಬ. ಮೊದಲ ಎರಡು ತಿಂಗಳು ಯಾರೂ ಎತ್ತಲಿಲ್ಲ. ಆಮೇಲೆ ನಮ್ಮ ಅತ್ಯಂತ ಜಗಳಗಂಟ ಹುಡುಗ ಸೆಟ್ ಮುಗಿಯಲಿಕ್ಕೆ ಬಂದಾಗ, 23–23ರ ಸಮಬಲದಲ್ಲಿ ಕೈ ಎತ್ತಿದ. ಆ ಸೆಟ್ ಸೋತೆವು. ನನಗೆ ಅದರಷ್ಟು ಸಂತೋಷ ಕೊಟ್ಟ ಸೆಟ್ ಇನ್ನೊಂದಿಲ್ಲ. ಜಗಳ ನಿಂತದ್ದರಿಂದ ಒಂದು ಸಂಜೆಗೆ ಮೂರರ ಬದಲು ಐದು ಸೆಟ್ ಆಡಲು ಸಮಯ ಸಿಕ್ಕಿತು. ಆಟ ಸುಧಾರಿಸಿದ್ದು ಅಲ್ಲಿಂದ. ಇಬ್ಬರು ಎರಡು ಮಾತು ಹೇಳಿದರೆ ಏನು ಮಾಡುವುದು? ಅದಕ್ಕೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಶನಿವಾರ ಭಜನೆ ಮೊದಲು, ಬಾಲು ಆಮೇಲೆ. ಭಜನೆಯಲ್ಲಿ ಎಲ್ಲರೂ ಸರದಿಯಲ್ಲಿ ಹಾಡು ಎತ್ತಿಕೊಡುತ್ತಾರೆ, ಉಳಿದವರು ಒಪ್ಪಿ ಹಾಡುತ್ತಾರೆ. ವಾಲಿಬಾಲಿನಲ್ಲಿ ಸರದಿಯಲ್ಲಿ ಜಾಗ ಬದಲಿಸುವ ರೊಟೇಶನ್ ಅಂದರೂ ಅದೇ ತಾನೇ? ಬೇರೆ ಧರ್ಮದ ಹುಡುಗರೂ ಬರುತ್ತಾರೆ. ಅವರಿಗೆ ಭಜನೆ ಕಡ್ಡಾಯವಲ್ಲ, ಹೊತ್ತಿಗೆ ಬರುವುದು ಕಡ್ಡಾಯ. ದೇವರ ಜಾಗದಲ್ಲಿ ಆಟ ಯಾಕೆ ಎಂದು ಕೇಳಿದವರಿಗೆ ನನ್ನ ಉತ್ತರ ಸಿದ್ಧ: 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟ ಶುರು ಮಾಡಿದ್ದೇ ವೈಎಂಸಿಎಯಲ್ಲಿ, ಅಂದರೆ ಕ್ರೈಸ್ತ ಯುವಕರ ಸಂಘದಲ್ಲಿ.

ದುಡ್ಡಿನ ವಿಷಯ. ನೆಟ್, ಪೈಪಿನ ಕಂಬ, ಎರಡು ಬಾಲು, ಲೈಟು ಸೇರಿ ಮೊದಲ ವರ್ಷ 15–16 ಸಾವಿರ ಆಗಿರಬೇಕು. ಮುರಮಣ್ಣಿನ ಅಂಗಳ, ಬಾಲಿನ ಸಿಪ್ಪೆ ಬೇಗ ಏಳುತ್ತದೆ. ಚಂದಾ ಎತ್ತಲಿಲ್ಲ. ಹುಡುಗರು ಭಾನುವಾರ ತೋಟದವರ ಮನೆಗೆ ಹೋಗಿ ಅಡಿಕೆ ಸುಲಿದರು. ತಾವೇ ದುಡಿದ ದುಡ್ಡಿನ ಬಾಲನ್ನು ಸಿಟ್ಟಿನಲ್ಲಿ ಒದೆಯುವುದು ತಾನಾಗಿ ನಿಂತಿತು.

ಮಳೆಗಾಲದಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಅಡಿಕೆ ಒಣಗಿಸುವ, ಪ್ಲಾಸ್ಟಿಕ್ ಮಾಡಿನ (ಸೂರಿನ) ಅಂಗಳ ಆಗ ಖಾಲಿ. ಮಾಡು ಹತ್ತಡಿ ಇದ್ದೀತು. ಬಾಲು ಎತ್ತರಕ್ಕೆ ಹೋದರೆ ಪ್ಲಾಸ್ಟಿಕ್‌ಗೆ ಬಡಿಯುತ್ತದೆ. ಹಾಗಾಗಿ ಮೂರು ತಿಂಗಳು ಬರೀ ತಗ್ಗಿನ ಪಾಸ್. ಮಳೆ ಬಿಟ್ಟ ಮೇಲೆ ನಮ್ಮ ರಿಸೀವ್ (ಎದುರಿನವರ ಸರ್ವ್ ತೆಗೆದುಕೊಳ್ಳುವುದು) ನೋಡಿದವರು ಕೋಚ್ ಯಾರು ಎಂದು ಕೇಳಿದರು. ಸ್ಮ್ಯಾಶಿನ ಹೆಜ್ಜೆಯನ್ನು ಭಜನೆಯ ತಾಳಕ್ಕೆ ಹೊಂದಿಸಿಯೂ ನೋಡಿದೆವು. ಸಣ್ಣವರಿಗೆ ಚೆನ್ನಾಗಿ ಹಿಡಿಯಿತು. ದೊಡ್ಡವರಿಗೆ ಹಳೇ ಅಭ್ಯಾಸ ಬಿಡಲಿಲ್ಲ.

ಈಗ ಹುಡುಗಿಯರ ಟೀಮು ಶುರುವಾಗಿದೆ. ಅವರ ನೆಟ್ 2.24 ಮೀಟರ್, ಹುಡುಗರದ್ದು 2.43. ಅದೇ ಕಂಬಕ್ಕೆ ಕೆಳಗೆ ಇನ್ನೊಂದು ಕೊಕ್ಕೆ ಬೆಸುಗೆ ಹಾಕಿಸಿದೆವು, 300 ರೂಪಾಯಿ ಆಯಿತು. ಆ ದುಡ್ಡನ್ನೂ ಅವರೇ ಅಡಿಕೆ ಸುಲಿದು ತಂದರು.