ಮೇ ತಿಂಗಳಲ್ಲಿ ಉತ್ತರಕ್ಕೆ ತಿರುಗಿ ನಿಂತು ಹಿಡಿದ ಕಮಾನು: ನನ್ನ ಅನುಭವ

ಸೂರ್ಯನ ಸುತ್ತ 22 ಡಿಗ್ರಿ ದೂರದಲ್ಲಿ ಮೂಡುವ ಉಂಗುರದ, ಅಂದರೆ 22 ಡಿಗ್ರಿ ಪರಿವೇಷದ ಚಿತ್ರವಿಲ್ಲದವರು ಆಕಾಶದ ಚಿತ್ರ ತೆಗೆಯುವ ನಮ್ಮಲ್ಲಿ ಯಾರೂ ಇಲ್ಲ. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ಕಂಡ ಉಂಗುರವಂತೂ ಊರಿನ ಅರ್ಧ ಮೊಬೈಲುಗಳಲ್ಲಿದೆ. ಅದರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ನಾನು ಬರೆಯುತ್ತಿರುವುದು ಸರ್ಕಮ್‌ಹಾರಿಜಾಂಟಲ್ ಆರ್ಕ್ ಬಗ್ಗೆ, ಅಂದರೆ ಸೂರ್ಯನ ಕೆಳಗೆ ದಿಗಂತಕ್ಕೆ ಸಮಾನಾಂತರವಾಗಿ ಮಲಗಿರುವ ಬಣ್ಣದ ಪಟ್ಟಿಯ ಬಗ್ಗೆ. ಬೆಂಗಳೂರಿನ ತಾರಸಿಯಿಂದ ಅದು ಸಿಗುವುದಿಲ್ಲ, ಹಿಮ ಬೀಳುವ ದೇಶಕ್ಕೆ ಹೋಗಿ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ.

ವಾಸ್ತವ ಇದಕ್ಕೆ ತದ್ವಿರುದ್ಧ. ಈ ಕಮಾನು ಮೂಡಬೇಕಾದರೆ ಸೂರ್ಯ ದಿಗಂತದಿಂದ 58 ಡಿಗ್ರಿಗಿಂತ ಮೇಲಿರಬೇಕು. ಓಸ್ಲೋದಲ್ಲಿ ಸೂರ್ಯ ವರ್ಷದ ಯಾವ ದಿನವೂ ಅಷ್ಟು ಏರುವುದಿಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳ ಆಸುಪಾಸಿನ ಕೆಲವು ವಾರ ಮಾತ್ರ 62ರವರೆಗೆ ಏರುತ್ತಾನೆ. ಆಗಲೂ ಕಮಾನು 15 ಡಿಗ್ರಿ ಎತ್ತರವನ್ನು ದಾಟದೆ ಕಟ್ಟಡಗಳ ಹಿಂದೆಯೇ ಉಳಿಯುತ್ತದೆ. ನಮಗೆ ವರ್ಷದಲ್ಲಿ ಸುಮಾರು ಹತ್ತು ತಿಂಗಳು ಅವಕಾಶವಿದೆ. ಮೇ ಕೊನೆಯಲ್ಲಿ ಸೂರ್ಯ 82 ಡಿಗ್ರಿಯಲ್ಲಿರುವಾಗ ಕಮಾನು 31 ಡಿಗ್ರಿ ಎತ್ತರದಲ್ಲಿರುತ್ತದೆ. ಎದುರು ಮನೆಯ ನೀರಿನ ಟ್ಯಾಂಕು ಕೂಡ ಅಡ್ಡ ಬರುವುದಿಲ್ಲ.

ಹಾಗಿದ್ದರೆ ಯಾರಿಗೂ ಏಕೆ ಸಿಕ್ಕಿರಲಿಲ್ಲ? ಎಲ್ಲರೂ ದಕ್ಷಿಣಕ್ಕೆ ನೋಡುತ್ತಿದ್ದರು. ಯುರೋಪಿನವರ ಸೂಚನೆಗಳಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ, ನಮ್ಮವರು ಅದನ್ನೇ ನಂಬಿ ನಿಂತರು. ಬೆಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ. ಈ ಎರಡರ ನಡುವೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಕಮಾನೂ ಅಲ್ಲೇ ಇರುತ್ತದೆ. ಬೆಳಿಗ್ಗೆ ಹತ್ತೂವರೆಗೆ ಅದು ಪೂರ್ವ-ಈಶಾನ್ಯದಲ್ಲಿ ಶುರುವಾಗಿ ಮಧ್ಯಾಹ್ನ ಹನ್ನೆರಡೂಕಾಲಿಗೆ ಉತ್ತರಕ್ಕೆ ಬಂದು ಎರಡರ ಹೊತ್ತಿಗೆ ಪಶ್ಚಿಮ-ವಾಯವ್ಯಕ್ಕೆ ಸರಿದಿರುತ್ತದೆ. ದಿಕ್ಸೂಚಿ ಬೇಡ, ಒಂದು ಕೋಲು ನೆಟ್ಟು ನೆರಳಿಗೆ ಬೆನ್ನು ಹಾಕಿ ನಿಲ್ಲಿ. ಕೈ ಚಾಚಿ ಹಿಡಿದ ಒಂದು ಗೇಣು ಸುಮಾರು 20 ಡಿಗ್ರಿ. ಸೂರ್ಯನಿಂದ ಎರಡೂವರೆ ಗೇಣು ಕೆಳಗೆ ನೋಡಬೇಕು.

ಕಣ್ಣಿಗೆ ಕಾಣುವಷ್ಟು ಗಾಢವಾದ ಕಮಾನು ಅಪರೂಪ. ಮೋಡದಲ್ಲಿ ಷಟ್ಕೋನದ ತೆಳು ಬಿಲ್ಲೆಯಂತಹ ಮಂಜುಗಡ್ಡೆಯ ಹರಳುಗಳು ಗಾಳಿಯಲ್ಲಿ ಮಟ್ಟಸವಾಗಿ ಮಲಗಿ ಇಳಿಯುತ್ತಿರಬೇಕು, ಬೆಳಕು ಪಕ್ಕದ ಮುಖದಿಂದ ಹೊಕ್ಕು ತಳದಿಂದ ಹೊರಬೀಳಬೇಕು. ಅಡ್ಡಾದಿಡ್ಡಿ ಬಿದ್ದ ಹರಳುಗಳು ಉಂಗುರ ಕೊಟ್ಟಾವು, ಕಮಾನು ಕೊಡವು. ಆದ್ದರಿಂದ ಉಂಗುರ ಕಂಡಿತೆಂದು ಕುಣಿಯಬೇಡಿ. ಗುಡುಗು ಮೋಡದಿಂದ ಹರಡಿದ ಹೊಸ ಸಿರಸ್ಸಿನಲ್ಲಿ, ಅಂದರೆ ಎತ್ತರದ ತೆಳು ಮೋಡದಲ್ಲಿ, ನನಗೆ ಒಮ್ಮೆಯೂ ಸಿಕ್ಕಿಲ್ಲ. ಹಿಂದಿನ ಸಂಜೆ ಮಳೆ ಬಂದು, ಮರುದಿನ ಬೆಳಿಗ್ಗೆ ತೆಳ್ಳಗೆ ಉಳಿದ ಪದರ ಒಳ್ಳೆಯದು. ಇನ್‌ಸ್ಯಾಟ್ ಉಪಗ್ರಹದ ಅವಕೆಂಪು ಚಿತ್ರದಲ್ಲಿ ಆ ಪದರ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡೇ ಮೆಟ್ಟಿಲು ಹತ್ತುತ್ತೇನೆ.

ಮಸುಕಾದ ಕಮಾನಿಗೆ ಇರುವ ದಾರಿ ಒಂದೇ: ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವುದು. ಮೋಡದ ಎಳೆಗಳು ಸರಿದು ಹೋಗುತ್ತವೆ, ಕಮಾನು ಮಾತ್ರ ನಿಲ್ಲುತ್ತದೆ. ಇದು ನಿಮಗೆಲ್ಲ ಗೊತ್ತು. ಆದರೆ ನನ್ನ ಹಣ ಹೋದದ್ದು ಇಲ್ಲಿಯೇ. ಸೂರ್ಯ ಚಲಿಸುತ್ತಾನೆ, ಆದ್ದರಿಂದ ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸುವ ಟ್ರ್ಯಾಕರ್ ಇಲ್ಲದೆ ಆಗದು ಎಂದು ಬಲ್ಲವರೆಲ್ಲ ಹೇಳಿದರು. ಮೂವತ್ತು ಸಾವಿರದ ಮೇಲೆ ಕೊಟ್ಟು ಹಳೆಯದೊಂದನ್ನು ಕೊಂಡೆ. ಎರಡು ಬೇಸಿಗೆ ಚಿತ್ರಗಳೆಲ್ಲ ಕಲಸಿ ಹೋದವು. ಉತ್ತರಕ್ಕೆ ತಿರುಗಿಸಿದಾಗ, ಇಡೀ ಆಕಾಶ ಸುತ್ತುವ ಧ್ರುವವೇ ಚೌಕಟ್ಟಿನೊಳಗೆ ಬರುತ್ತದೆ. ಟ್ರ್ಯಾಕರ್ ಅದರ ಸುತ್ತ ಕ್ಯಾಮೆರಾವನ್ನು ಓರೆ ಮಾಡುತ್ತಾ ಹೋಗುತ್ತದೆ, ಕಮಾನು ಮಾತ್ರ ದಿಗಂತಕ್ಕೆ ಅಂಟಿಕೊಂಡೇ ಇರುತ್ತದೆ. ಕೊನೆಗೆ ಟ್ರ್ಯಾಕರನ್ನು ಅರ್ಧ ಬೆಲೆಗೆ ಮಾರಿ, ಆ ಹಣದಲ್ಲಿ ಹತ್ತು ಮಿಲಿಮೀಟರಿನ ವೈಡ್ ಲೆನ್ಸ್ ಕೊಂಡೆ.

ಸಾಮಾನ್ಯ ಟ್ರೈಪಾಡ್ ಸಾಕು. ನಡುಹಗಲಿನ ಹತ್ತಿರ ಸೂರ್ಯನ ದಿಕ್ಕು ಬೇಗ ಬೇಗ ಬದಲಾಗುತ್ತದೆ, ಆದರೆ ಕಮಾನು ತನ್ನ ಗೆರೆಯ ಮೇಲೇ ಪಕ್ಕಕ್ಕೆ ಜಾರುತ್ತದೆಯೇ ಹೊರತು ಮೇಲೆ ಕೆಳಗೆ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ಅದರ ಎತ್ತರ ಒಂದು ಡಿಗ್ರಿಯೂ ಬದಲಾಗುವುದಿಲ್ಲ. ಐದು ಸೆಕೆಂಡಿಗೊಂದರಂತೆ ನೂರು, ನೂರಿಪ್ಪತ್ತು ರಾ ಚಿತ್ರ (ಕ್ಯಾಮೆರಾ ಕುಗ್ಗಿಸದ ಮೂಲ ಕಡತ) ತೆಗೆಯುತ್ತೇನೆ. ಸರಾಸರಿ ಮಾಡಿ, ಚಿತ್ರದ ಕೆಂಪು ಬಣ್ಣದ ಪದರದಿಂದ ನೀಲಿ ಬಣ್ಣದ ಪದರವನ್ನು ಕಳೆದರೆ ಬಿಳಿ ಮೋಡ ಮರೆಯಾಗಿ ಬಣ್ಣದ ಪಟ್ಟಿ ಎದ್ದು ಬರುತ್ತದೆ. ಕಳೆಯುವ ಮುಂಚೆ ಎರಡೂ ಪದರಗಳನ್ನು ಯಾವ ಪ್ರಮಾಣದಲ್ಲಿ ಸರಿದೂಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ಒಂದಿಡೀ ಮಳೆಗಾಲ ಹೋಗಿದೆ. ಜೆಪೆಗ್ ಬಳಸಬೇಡಿ, ಕಮಾನಿನ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಬರುತ್ತವೆ. ಆಕಾಶವನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಕೂಡ ಬೇಡ. ವೈಡ್ ಲೆನ್ಸಿಗೆ ಅದನ್ನು ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಸರಾಸರಿಯೇ ಕೆಡುತ್ತದೆ. ಅದಕ್ಕೂ ಮೂರೋ ನಾಲ್ಕೋ ಸಾವಿರ ಸುರಿದಿದ್ದೆ.

ಚಿತ್ರ ಬಂದ ಮೇಲೂ ಜಗಳ ಮುಗಿಯಲಿಲ್ಲ. ನಮ್ಮ ಹಿರಿಯರೊಬ್ಬರು, “ಇದು ಮೋಡದ ಅಂಚಿನ ಬಣ್ಣ ಸ್ವಾಮಿ, ಕಮಾನಲ್ಲ” ಎಂದುಬಿಟ್ಟರು. ಮೋಡದ ಅಂಚಿನ ಬಣ್ಣ ಹೆಚ್ಚಾಗಿ ಸೂರ್ಯನ ಹತ್ತಿರವೇ ಕಾಣುತ್ತದೆ, ಅದಕ್ಕೆ ಕ್ರಮವೂ ಇರುವುದಿಲ್ಲ. ನನ್ನದರಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮುಂದಿನ ಸಲ ಟ್ರೈಪಾಡನ್ನು ಅಲ್ಲಾಡಿಸದೆ, ಮೇಲೆ ಬಕೆಟ್ ಮುಚ್ಚಿ ರಾತ್ರಿಯವರೆಗೆ ಬಿಟ್ಟೆ. ಅದೇ ಚೌಕಟ್ಟಿನಲ್ಲಿ ಧ್ರುವ ನಕ್ಷತ್ರವೂ ಸಪ್ತರ್ಷಿ ಮಂಡಲವೂ ಬಂದವು. ನಕ್ಷತ್ರಗಳ ಎತ್ತರ ಗೊತ್ತಿದ್ದುದರಿಂದ ಕಮಾನಿನ ಎತ್ತರ ತಾನಾಗಿಯೇ ಸಿಕ್ಕಿತು: ಲೆಕ್ಕದ 31ಕ್ಕೆ ನನ್ನದು ಮೂವತ್ತೂವರೆ. ಹಿರಿಯರು ಆಮೇಲೆ ಲೆನ್ಸ್ ಎಲ್ಲಿ ಕೊಂಡಿರಿ ಎಂದು ಕೇಳಿದರು.

ನಡುವೆ ಇನ್ನೊಂದು ಹುಚ್ಚು. ಮೋಡ ಬಾರದ ದಿನಗಳಲ್ಲಿ ಅಕ್ರಿಲಿಕ್‌ನ ಷಟ್ಕೋನ ಕೋಲನ್ನು ಹಳೆಯ ಮಿಕ್ಸಿಯ ಮೋಟಾರಿಗೆ ಕಟ್ಟಿ ನೇರ ನಿಲ್ಲಿಸಿ ತಿರುಗಿಸಿದೆ. ಟಾರ್ಚಿನ ಬೆಳಕು ಬಿಟ್ಟರೆ ಗೋಡೆಯ ಮೇಲೆ ಎರಡೂ ಪಕ್ಕ, ಸೂರ್ಯನ ಅಕ್ಕಪಕ್ಕ ಕಾಣುವ ಹೊಳಪಿನ ಉಪಸೂರ್ಯರಂತಹ ಬಣ್ಣದ ಚುಕ್ಕೆಗಳು ಮೂಡುತ್ತವೆ. ಮಂಜುಗಡ್ಡೆಯಲ್ಲಿ 22 ಡಿಗ್ರಿಯಲ್ಲಿ ಬರುವುದು ಇಲ್ಲಿ 36ರಲ್ಲಿ ಬರುತ್ತದೆ, ಏಕೆಂದರೆ ಅಕ್ರಿಲಿಕ್ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಗಾಜಿನ ಪಟ್ಟಿಗಳನ್ನು ಅಂಟಿಸಿ ನೀರು ತುಂಬಿದ ಪೆಟ್ಟಿಗೆ ಮಾಡಿದರೆ 23.5ರ ಹತ್ತಿರ ಬರಬೇಕು. ನನ್ನದು ಸೋರಿ ಮೋಟಾರನ್ನೇ ಸುಟ್ಟಿತು, ಸಿಲಿಕಾನ್ ಅಂಟು ಒಣಗಲು ಪೂರ್ತಿ ಒಂದು ದಿನ ಬಿಡಿ.

ಉತ್ತರ ಕರ್ನಾಟಕದವರು ದಿನಾಂಕ ಬದಲಿಸಿಕೊಳ್ಳಬೇಕು. ಬೀದರ್‌ನಲ್ಲಿ ಸೂರ್ಯ ತಲೆಯ ಮೇಲೆ ಬರುವುದೇ ಮೇ ಎರಡನೇ ವಾರದಲ್ಲಿ. ಅಲ್ಲಿ ನವೆಂಬರ್ ಆರಂಭದಿಂದ ಫೆಬ್ರುವರಿ ಎರಡನೇ ವಾರದವರೆಗೆ ಕಮಾನು ಇಲ್ಲ. ಬೆಂಗಳೂರಿನಲ್ಲಿ ಆ ಬರಗಾಲ ನವೆಂಬರ್ ಮೂರನೇ ವಾರದಿಂದ ಜನವರಿ ನಾಲ್ಕನೇ ವಾರದವರೆಗೆ ಮಾತ್ರ. ಆಗ ನಾನು ಬೆಳಿಗ್ಗೆ ಒಂಬತ್ತರೊಳಗೆ, ಸೂರ್ಯ 32 ಡಿಗ್ರಿಗಿಂತ ಕೆಳಗಿರುವಾಗ, ಲೆನ್ಸನ್ನು ನೆತ್ತಿಗೆ ತಿರುಗಿಸಿ ಅಲ್ಲಿ ಮೂಡುವ ಇನ್ನೊಂದು ಕಮಾನಿಗೆ ಕಾಯುತ್ತೇನೆ. ಸೂರ್ಯ ವೇಗವಾಗಿ ಏರುತ್ತಿರುವ ಹೊತ್ತು ಅದು, ಹತ್ತು ನಿಮಿಷದ ಸರಾಸರಿ ನಡೆಯುವುದಿಲ್ಲ, ಮೂರು ನಿಮಿಷಕ್ಕೆ ನಿಲ್ಲಿಸಿ.