ಬಕೆಟ್ಟಿನಲ್ಲೇ ಬಟ್ಟೆ ಒಗೆಯುವ ಕೈ ಮಷೀನ್: ಮನೆಯಲ್ಲೇ ಹೀಗೆ ಮಾಡಿಕೊಳ್ಳಿ

ಎರಡು ಅಂಗಿ, ಒಂದು ಚೂಡಿದಾರ, ಮಗುವಿನ ಒಂದಷ್ಟು ಬಟ್ಟೆ. ಇಷ್ಟಕ್ಕಾಗಿ ದೊಡ್ಡ ಮಷೀನ್ ಹಾಕಲು ಮನಸ್ಸು ಬರುವುದಿಲ್ಲ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜಲು ಸೊಂಟ ಕೇಳುವುದಿಲ್ಲ. ಪಿಜಿಯಲ್ಲಿರುವ ಎಷ್ಟೋ ಮಕ್ಕಳಿಗೆ ಮಷೀನೂ ಇಲ್ಲ, ಒಗೆಯುವ ಕಲ್ಲೂ ಇಲ್ಲ. ಇಂಥ ಕಡೆ ಕರೆಂಟ್ ಬೇಡದ ಕೈ ಮಷೀನ್ ನಿಜಕ್ಕೂ ಉಪಕಾರಿ.

ಬಟ್ಟೆ ಒಗೆಯುವ ಕಷ್ಟ ನೋಡಲಾರದೆ ಹುಟ್ಟಿದ ಯಂತ್ರಗಳಿವು. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಶಾಲೆಗೆ ಹೋಗುತ್ತಿದ್ದಾಗ ತಾಯಿಗೆ ಹುಷಾರು ತಪ್ಪಿ, ಮನೆಯ ಬಟ್ಟೆಯೆಲ್ಲ ಮಕ್ಕಳ ಪಾಲಿಗೆ ಬಂತು. ಆಗ ಅವರು ಪೆಡಲ್ ತುಳಿದು ಒಗೆಯುವ ಮಷೀನ್ ರೂಪಿಸಿದರು. ಬ್ರಿಟನ್ನಿನ ಎಂಜಿನಿಯರ್ ನವಜೋತ್ ಸಾಹ್ನಿ ತಮಿಳುನಾಡಿನ ಹಳ್ಳಿಯಲ್ಲಿದ್ದಾಗ, ಪಕ್ಕದ ಮನೆಯ ದಿವ್ಯಾ ಎಂಬ ಹೆಣ್ಣುಮಗಳು ಒಗೆದು ಒಗೆದು ಬಳಲುವುದನ್ನು ಕಂಡರು. ಮುಂದೆ ಕೈಯಿಂದ ತಿರುಗಿಸುವ ಡ್ರಮ್ ಮಷೀನ್ ಮಾಡಿ ಅದಕ್ಕೆ ‘ದಿವ್ಯಾ’ ಅಂತಲೇ ಹೆಸರಿಟ್ಟರು. ಇರಾಕಿನ ನಿರಾಶ್ರಿತರ ಶಿಬಿರಗಳಿಗೂ ಅದು ಹೋಗಿದೆ.

ನಾವು ಮಾಡುವುದು ಇನ್ನೂ ಸರಳ. ಸೋಪಿನ ನೀರು ಬಟ್ಟೆಯ ಎಳೆಗಳ ನಡುವೆ ನುಗ್ಗಿ ಹೊರಬರುತ್ತಿದ್ದರೆ ಕೊಳೆ ಬಿಡುತ್ತದೆ. ಆ ನುಗ್ಗಾಟವನ್ನು ಒಂದು ಪ್ಲಂಜರ್ ಚೆನ್ನಾಗಿ ಮಾಡುತ್ತದೆ.

ಮೊದಲು ಮಷೀನ್

ಮುಚ್ಚಳವಿರುವ 20 ಲೀಟರ್ ಬಕೆಟ್ ತೆಗೆದುಕೊಳ್ಳಿ. ಗೋಡೆ ಪೇಂಟಿನ ಖಾಲಿ ಬಕೆಟ್ ಆದೀತು. ಆದರೆ ಥಿನ್ನರ್ ಬೆರೆಸುವ ಪೇಂಟಿನದು ಬೇಡ. ಒಳಗೆ ಚೂರೂ ಬಣ್ಣ ಉಳಿಯದಂತೆ ತಿಕ್ಕಿ ತೊಳೆಯಿರಿ. ಹಾರ್ಡ್‌ವೇರ್ ಅಂಗಡಿಯಿಂದ ಉದ್ದ ಹಿಡಿಯ ರಬ್ಬರ್ ಪ್ಲಂಜರ್ ತನ್ನಿ, ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೇವಲ್ಲ, ಅದು. ಹೊಸದೇ ಆಗಿರಬೇಕು.

ಪ್ಲಂಜರಿನ ರಬ್ಬರ್ ಬಟ್ಟಲಿನಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ನಾಲ್ಕೈದು ತೂತು ಮಾಡಿ. ಈ ಹೆಜ್ಜೆ ಬಿಡಬೇಡಿ. ತೂತಿಲ್ಲದಿದ್ದರೆ ರಬ್ಬರ್ ಬಟ್ಟೆಗೆ ಕಚ್ಚಿಕೊಂಡು, ಮೇಲೆತ್ತುವಾಗ ಬಟ್ಟೆಯನ್ನೂ ಎಳೆಯುತ್ತದೆ, ರಟ್ಟೆ ಸೋಲುತ್ತದೆ. ತೂತಿದ್ದರೆ ಒತ್ತಿದಾಗ ನೀರು ಚಿಮ್ಮಿ ಬಟ್ಟೆಯೊಳಗೆ ಹೋಗುತ್ತದೆ, ಎತ್ತುವಾಗ ಹಗುರ. ಆಮೇಲೆ ಮುಚ್ಚಳದ ನಡುವೆ ಹಿಡಿ ಸಲೀಸಾಗಿ ಆಡುವಷ್ಟು ತೂತು ಕೊರೆಯಿರಿ. ನೀರು ಮೈಮೇಲೆ ಹಾರುವುದಿಲ್ಲ.

ಒಗೆಯುವುದು

ಒಣಗಿದ ಬಟ್ಟೆ ಒಂದು ಕಿಲೋ ದಾಟದಿರಲಿ. ನಾಲ್ಕೈದು ತೆಳು ಅಂಗಿಯೆಂದು ಲೆಕ್ಕ ಇಟ್ಟುಕೊಳ್ಳಿ. ಜೀನ್ಸ್ ಒಂದೇ ಹಾಕಿ. ಡಬಲ್ ಬೆಡ್‌ಶೀಟ್, ಕಂಬಳಿಗೆ ಇದು ಸಾಲದು.

ಹತ್ತು ಲೀಟರಿನಷ್ಟು ನೀರಿಗೆ ಸೋಪಿನ ಪುಡಿ ಒಂದು ಚಮಚ ಹಾಕಿ, ಕೈಯಾಡಿಸಿ ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಿ. ನಾನು ಮೊದಲ ಸಲ ಬಟ್ಟೆಯ ಮೇಲೇ ಪುಡಿ ಉದುರಿಸಿದ್ದೆ. ಒಣಗಿದ ಮೇಲೆ ಕಪ್ಪು ಕುರ್ತಾದ ಮಡಿಕೆಗಳಲ್ಲಿ ಬಿಳಿ ಗೆರೆ ಕೂತಿತ್ತು, ಮತ್ತೆ ಮೂರು ಸಲ ಜಾಲಿಸಬೇಕಾಯಿತು. ಬೋರ್‌ವೆಲ್ಲಿನ ಗಡಸು ನೀರಾದರೆ ನೊರೆ ಬೇಗ ಬರುವುದಿಲ್ಲ. ಅಂತ ಪುಡಿ ಸುರಿಯುತ್ತಾ ಹೋಗಬೇಡಿ, ಒಂಚೂರು ಜಾಸ್ತಿ ಸಾಕು.

ಅರ್ಧ ಗಂಟೆ ನೆನೆಯಲಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕಾಲರ್, ತೋಳಿನ ಅಂಚಿಗೆ ಮೊದಲೇ ಸೋಪ್ ಸವರಿಡಿ. ರಕ್ತದ ಕಲೆಯಿದ್ದರೆ ತಣ್ಣೀರೇ ಇರಲಿ, ಬಿಸಿನೀರಿಗೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಈಗ ನಿಂತುಕೊಂಡೇ ಒತ್ತಿ. ಬಕೆಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಟ್ಟರೆ ಬಗ್ಗುವುದೂ ತಪ್ಪುತ್ತದೆ. ನಿಧಾನವಾಗಿ ಕೆಳಗೆ, ನಿಧಾನವಾಗಿ ಮೇಲೆ. ಮಜ್ಜಿಗೆ ಕಡೆಯುವ ಲಯ ಬಂದರೆ ಸರಿ. ಮೂರು ನಿಮಿಷ ಒತ್ತಿ, ಬಟ್ಟೆಯನ್ನು ಮೇಲೆ ಕೆಳಗೆ ಮಾಡಿ, ಮತ್ತೆ ಮೂರು ನಿಮಿಷ. ಮುಚ್ಚಳ ತೆಗೆದಾಗ ನೀರು ಕಂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಉಣ್ಣೆ, ರೇಷ್ಮೆಗೆ ಮಾತ್ರ ಇದು ಬೇಡ.

ಜಾಲಿಸುವುದು, ಹಿಂಡುವುದು

ಸೋಪಿನ ನೀರು ಚೆಲ್ಲುವ ಮುನ್ನ ಬಟ್ಟೆ ಒಮ್ಮೆ ಹಿಂಡಿ. ಹಿಂಡದೆ ಜಾಲಿಸಿದರೆ ಸೋಪ್ ಬಟ್ಟೆಯಲ್ಲೇ ಉಳಿದು ನೀರು ಸುಮ್ನೆ ಖರ್ಚಾಗುತ್ತದೆ. ಆಮೇಲೆ ಎರಡು ಸಲ ಹೊಸ ನೀರು ಹಾಕಿ, ಒಂದೊಂದು ನಿಮಿಷ ಪ್ಲಂಜರ್ ಆಡಿಸಿ. ಒಗೆದ ನೀರು ಬಚ್ಚಲು ತೊಳೆಯಲು, ಕೊನೆಗೆ ಜಾಲಿಸಿದ ನೀರು ಕಾಲೊರಸು ನೆನೆಹಾಕಲು ಆಗುತ್ತದೆ.

ಮಣಿಕಟ್ಟು ನೋಯುವುದು ಹಿಂಡುವಾಗ. ನನ್ನ ಅಮ್ಮ ಸೀರೆ ಹಿಂಡಿ ಕೈ ಒದರಿಕೊಳ್ಳುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಇದಕ್ಕೂ ಒಂದು ದಾರಿ ಹೇಳುತ್ತೇನೆ. ಅದೇ ಅಳತೆಯ ಇನ್ನೊಂದು ಬಕೆಟ್ಟಿನ ತಳಕ್ಕೆ ಇಪ್ಪತ್ತು ಮೂವತ್ತು ಸಣ್ಣ ತೂತು ಹಾಕಿ. ಬಟ್ಟೆ ಅದರಲ್ಲಿ ಹಾಕಿ ಬಚ್ಚಲಲ್ಲಿಡಿ, ಮೇಲೊಂದು ಅಗಲ ತಟ್ಟೆಯಿಟ್ಟು ಎರಡೂ ಅಂಗೈಯಿಂದ ಮೈಭಾರ ಬಿಟ್ಟು ಒತ್ತಿ. ನೀರು ತಳದಿಂದ ದರದರ ಇಳಿಯುತ್ತದೆ. ತಿರುಚುವ ಕೆಲಸವೇ ಇಲ್ಲ. ಉಳಿದ ತೇವಕ್ಕೆ ಒಣ ಟವೆಲ್ಲಿನಲ್ಲಿ ಸುತ್ತಿ ಅದುಮಿದರಾಯಿತು.

ಅಂಗಿಯನ್ನು ಜೋರಾಗಿ ಕೊಡವಿ, ಹ್ಯಾಂಗರಿಗೆ ಹಾಕಿ. ಪ್ಲಂಜರನ್ನೂ ತೊಳೆದು ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ ಬಿಟ್ಟರೆ ರಬ್ಬರ್ ಬಿರುಕು ಬಿಡುತ್ತದೆ.