ಮೊದಲ ಲಾರಿ ಕಂಪನಿಯನ್ನು ನಾನು ಆರಿಸಿಕೊಂಡ ಬಗೆ

ಹೊಸದಾಗಿ ಹೆವಿ ಲೈಸೆನ್ಸ್ ಪಡೆದ ಹುಡುಗರು ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಕಚೇರಿಗಳಿಗೆ ಕೆಲಸ ಕೇಳಲು ಹೋದಾಗ ಮೊದಲು ವಿಚಾರಿಸುವುದು ಪಗಾರ ಎಷ್ಟು, ಬತ್ತಾ (ದಾರಿಯ ಊಟ-ತಿಂಡಿಗೆ ಕೊಡುವ ಹಣ) ಎಷ್ಟು ಎಂಬುದನ್ನು. ನಾನು ಕೆಲಸ ಹುಡುಕುವಾಗ ಆ ಪ್ರಶ್ನೆಯನ್ನು ಕಡೆಗೆ ಇಟ್ಟುಕೊಂಡು, ಟ್ರಿಪ್ ಮುಗಿದ ಮೇಲೆ ಹಿಸಾಬು ಹೇಗೆ ಮಾಡುತ್ತೀರಿ, ದಾರಿಯಲ್ಲಿ ಆಗುವ ಖರ್ಚು ಮತ್ತು ನಷ್ಟ ಯಾರ ಮೇಲೆ ಬೀಳುತ್ತದೆ ಎಂದು ಮೊದಲು ಕೇಳಿದೆ. ಇದನ್ನು ನನಗೆ ಕಲಿಸಿದವರು ಗಬ್ಬೂರು ಬಳಿ ಗಾಡಿ ನಿಲ್ಲಿಸಿಕೊಂಡಿದ್ದ ಹಿರಿಯ ಡ್ರೈವರ್ ಒಬ್ಬರು. "ತಮ್ಮಾ, ಪಗಾರ ಎಲ್ಲಾರೂ ಹೇಳ್ತಾರ. ಹ್ವಾದ ತಿಂಗಳದ ಹಿಸಾಬಿನ ಚೀಟಿ ತೋರಸ್ರಿ ಅನ್ನು, ಅವಾಗ ಗೊತ್ತಾಗತೈತಿ" ಎಂದಿದ್ದರು. ಮೊದಲ ಕಂಪನಿಯನ್ನು ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಎಂದು ಆ ಮಾತನ್ನು ಹಿಡಿದು ನಾನು ಏನೇನು ನೋಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೈಸೆನ್ಸಿನ ವಿಷಯ ಬಹಳ ಹೇಳುವಂಥದ್ದಲ್ಲ. ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಆದರೆ ಆ ಕಾರ್ಡು ಸಿಕ್ಕ ಮಾತ್ರಕ್ಕೆ ಲೋಡು ತುಂಬಿದ ಗಾಡಿಯನ್ನು ಓಡಿಸಲು ಬಂತು ಎಂದಲ್ಲ. ಖಾಲಿ ಗಾಡಿಯ ಬ್ರೇಕಿಗೂ ತುಂಬಿದ ಗಾಡಿಯ ಬ್ರೇಕಿಗೂ ಇರುವ ಅಂತರವನ್ನು ಯಾವ ಟೆಸ್ಟೂ ತೋರಿಸುವುದಿಲ್ಲ. ಆದ್ದರಿಂದ ಮೊದಲ ಕಂಪನಿ ಎಂದರೆ ಕಲಿಯುವ ಜಾಗವೂ ಹೌದು ಎಂದು ತಿಳಿದೇ ನಾನು ಹುಡುಕಾಟ ಆರಂಭಿಸಿದೆ.

ನಮ್ಮ ಭಾಗದಲ್ಲಿ ಆಯ್ಕೆಗೆ ಕೊರತೆಯಿಲ್ಲ. ಪುಣೆ-ಬೆಂಗಳೂರಿನ 48ನೇ ಹೆದ್ದಾರಿ, ವಿಜಯಪುರದಿಂದ ಬಂದು ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿಯುವ 52ನೇ ಹೆದ್ದಾರಿ, ಗದಗ, ಕೊಪ್ಪಳ, ಹೊಸಪೇಟೆಯ ಕಡೆಗೆ ಹೋಗುವ 67ನೇ ಹೆದ್ದಾರಿ, ಈ ಮೂರೂ ಹುಬ್ಬಳ್ಳಿಯಲ್ಲಿ ಸೇರುತ್ತವೆ. 1976ರಲ್ಲಿ ವಿಜಯ ಸಂಕೇಶ್ವರ ಅವರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಇಂದು ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡಿದೆ. ಅಂಥ ದೊಡ್ಡ ಸಂಸ್ಥೆಗಳಿಂದ ಹಿಡಿದು ಎರಡು ಮೂರು ಗಾಡಿ ಇಟ್ಟುಕೊಂಡು ತಾವೇ ಲೋಡು ಹುಡುಕುವ ಮಾಲಕರವರೆಗೆ ಎಲ್ಲ ಬಗೆಯವರೂ ಇಲ್ಲಿದ್ದಾರೆ. ಇದಲ್ಲದೆ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯಿಂದ ಮೆಣಸಿನಕಾಯಿ ಸಾಗಿಸಲು ಡ್ರೈವರುಗಳಿಗೆ ಬೇಡಿಕೆ ಇರುತ್ತದೆ.

ಬ್ಯಾಡಗಿಯ ಕೆಲಸಕ್ಕೆ ನನ್ನನ್ನು ಬೇಗ ಕರೆದರು, ಹಣವೂ ಚೆನ್ನಾಗಿತ್ತು. ಆದರೂ ಅದನ್ನು ಮೊದಲ ಕೆಲಸವಾಗಿ ಒಪ್ಪಿಕೊಳ್ಳಲಿಲ್ಲ. ಮೆಣಸಿನಕಾಯಿ ಹಗುರವಾದ ಮಾಲು. ತೂಕ ಮಿತಿಗೆ ಮುಟ್ಟುವ ಮೊದಲೇ ಚೀಲಗಳು ಡಾಲಾ, ಅಂದರೆ ಗಾಡಿಯ ಬದಿಯ ಹಲಗೆ, ದಾಟಿ ಮೇಲಕ್ಕೆ ಏರುತ್ತವೆ. ಹಾಗೆ ಎತ್ತರವಾಗಿ ಕಟ್ಟಿದ ಗಾಡಿ ತಿರುವಿನಲ್ಲಿ ವಾಲುವ ರೀತಿಯೇ ಬೇರೆ. ಎತ್ತರದಲ್ಲಾಗಲಿ ಬದಿಯಲ್ಲಾಗಲಿ ಮಾಲು ಮಿತಿ ಮೀರಿ ಹೊರಚಾಚಿದ್ದರೆ 20,000 ರೂಪಾಯಿ ದಂಡವಿದೆ. ಮೇಲಾಗಿ ಸುಗ್ಗಿ ಮುಗಿದ ಮೇಲೆ ಆ ಕೆಲಸ ಇರುತ್ತದೆಯೇ ಎಂದು ಕೇಳಿದರೆ ಯಾರೂ ಖಚಿತವಾಗಿ ಹೇಳಲಿಲ್ಲ.

ಇನ್ನು ಹಿಸಾಬಿನ ಚೀಟಿಯ ವಿಷಯ. ಒಂದು ಕಚೇರಿಯಲ್ಲಿ ಮ್ಯಾನೇಜರರು ಯಾವ ಸಂಕೋಚವೂ ಇಲ್ಲದೆ ಹಿಂದಿನ ತಿಂಗಳ ಚೀಟಿಯನ್ನು ಮೇಜಿನ ಮೇಲಿಟ್ಟರು. ಎಡಗಡೆ ಟ್ರಿಪ್ ಅಡ್ವಾನ್ಸ್, ಬಲಗಡೆ ಡೀಸೆಲ್, ಪಂಕ್ಚರ್, ಹಮಾಲಿ, ದಾರಿಖರ್ಚು. ಕೆಳಗೆ ಬತ್ತಾ, ಲೋಡು ಇಳಿಸಲು ಕಾಯ್ದ ದಿನಗಳ ಹಾಲ್ಟಿಂಗ್ ಹಣ, ಕೊನೆಗೆ ಉಳಿದ ಬಾಕಿ ಮತ್ತು ಡ್ರೈವರನ ಸಹಿ. ಟೋಲ್ ಫಾಸ್ಟ್ಯಾಗಿನಿಂದ ನೇರವಾಗಿ ಕಂಪನಿಯ ಖಾತೆಗೆ ಹೋಗುತ್ತಿದ್ದುದರಿಂದ ಚೀಟಿಯಲ್ಲಿ ಇರಲಿಲ್ಲ. ನಾನು ಬೆರಳಿಟ್ಟು ಕೇಳಿದ್ದು ಎರಡೇ ಸಾಲುಗಳನ್ನು. ಒಂದು ಶಾರ್ಟೇಜ್, ಅಂದರೆ ಇಳಿಸುವಾಗ ಮಾಲು ಕಡಿಮೆ ಬಂದರೆ ಅದನ್ನು ಯಾರು ತುಂಬಬೇಕು ಎಂಬುದು. ಸೀಲ್ ಮಾಡಿದ ಗಾಡಿಯಲ್ಲಿ ಸೀಲ್ ಸರಿಯಾಗಿದ್ದರೆ ಡ್ರೈವರನಿಗೆ ಸಂಬಂಧವಿಲ್ಲ, ತೆರೆದ ಗಾಡಿಯಲ್ಲಿ ಚೀಲಗಳನ್ನು ನಾನೇ ಎಣಿಸಿ ಬಿಲ್ಟಿಗೆ (ಮಾಲಿನ ರಸೀದಿಗೆ) ಸಹಿ ಮಾಡಿದ್ದರೆ ಮಾತ್ರ ನನ್ನ ಜವಾಬ್ದಾರಿ ಎಂದರು. ಅದು ನ್ಯಾಯವಾಗಿ ಕಂಡಿತು.

ಎರಡನೆಯದು ಡೀಸೆಲ್ ಆವರೇಜ್, ಅಂದರೆ ಒಂದು ಲೀಟರಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಹೊಸ ಡ್ರೈವರನ ಪಗಾರ ಹೆಚ್ಚಾಗಿ ಸೋರಿಹೋಗುವುದು ಈ ಸಾಲಿನಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೊಂದು ಕಡೆ, "ಆವರೇಜ್ ನಾಲ್ಕು ಬರಬೇಕ್ ನೋಡ್ರಿ, ಕಡಿಮಿ ಬಂದ್ರ ಪಗಾರದಾಗ ಕಟ್" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಚಿತ್ರದುರ್ಗದ ಕಡೆಯ ಬಯಲಿನಲ್ಲಿ ಬರುವ ಆವರೇಜ್, ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಅಂಕೋಲಾ-ಯಲ್ಲಾಪುರ ನಡುವಿನ ಅರಬೈಲು ಘಟ್ಟ ಹತ್ತುವಾಗ ಬರಲು ಸಾಧ್ಯವೇ ಇಲ್ಲ. ಎರಡಕ್ಕೂ ಒಂದೇ ಲೆಕ್ಕ ಹಾಕುವ ಮಾಲಕರು ಘಟ್ಟದ ಖರ್ಚನ್ನು ಡ್ರೈವರನ ತಲೆಗೆ ಕಟ್ಟುತ್ತಿದ್ದಾರೆ ಎಂದೇ ಅರ್ಥ. ಅದಕ್ಕಿಂತ ಕೆಟ್ಟದ್ದೆಂದರೆ, ಆವರೇಜ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡುವ ಚಟ ಹುಡುಗರಿಗೆ ಅಂಟಿಕೊಳ್ಳುತ್ತದೆ. ನಾನು ಸೇರಿದ ಕಂಪನಿಯಲ್ಲಿ ಘಟ್ಟಕ್ಕೆ ಒಂದು, ಬಯಲಿಗೆ ಒಂದು, ಖಾಲಿ ಗಾಡಿಗೆ ಇನ್ನೊಂದು ಎಂದು ಬೇರೆ ಬೇರೆ ಆವರೇಜ್ ಬರೆದಿಟ್ಟಿದ್ದರು.

ಚೀಟಿ ನೋಡಿದ ಮೇಲೆ ಗಾಡಿ ನೋಡಲು ಅನುಮತಿ ಕೇಳಿದೆ. ಇದಕ್ಕೆ ಹಿಂಜರಿಯುವ ಕಚೇರಿಯಿಂದ ಎದ್ದು ಬರುವುದೇ ಒಳ್ಳೆಯದು. ಎಂಜಿನ್ ಚಾಲೂ ಮಾಡಿ, ಗಾಳಿಯ ಒತ್ತಡದ ಮುಳ್ಳು ಮೇಲೇರಿದ ನಂತರ ಬಂದ್ ಮಾಡಿ, ಕ್ಯಾಬಿನ್ನಿನಲ್ಲಿ ಸುಮ್ಮನೆ ಕುಳಿತು ಆ ಮುಳ್ಳನ್ನೇ ನೋಡಿದೆ. ಅದು ಕಣ್ಣೆದುರಿಗೇ ಇಳಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದು ಅರ್ಥ. ಆಮೇಲೆ ಕೆಳಗಿಳಿದು ಏರ್ ಟ್ಯಾಂಕಿನ ಡ್ರೈನ್ ವಾಲ್ವ್ ಎಳೆದೆ. ದಿನವೂ ನೀರು ತೆಗೆಯುವ ಗಾಡಿಯಲ್ಲಿ ಗಾಳಿಯ ಜೊತೆ ನಾಲ್ಕು ಹನಿ ಬಂದು ನಿಲ್ಲುತ್ತದೆ, ಯಾರೂ ಮುಟ್ಟದ ಗಾಡಿಯಲ್ಲಿ ಎಣ್ಣೆ ಬೆರೆತ ಕಂದು ನೀರು ಸುರಿಯುತ್ತದೆ. ಟೈರುಗಳಲ್ಲಿ ಮುಂದಿನ ಜೋಡಿಯನ್ನು, ಸ್ಟೆಪ್ನಿಯನ್ನು, ತಾಡಪತ್ರಿಯ ಹರಕುಗಳನ್ನು ನೋಡಿದೆ. ತಾಡಪತ್ರಿ ಹರಿದಿದ್ದರೆ ಮಳೆಗಾಲದಲ್ಲಿ ಮಾಲು ನೆನೆದು, ಆ ನಷ್ಟ ಮತ್ತೆ ಹಿಸಾಬಿನ ಚೀಟಿಗೇ ಬರುತ್ತದೆ.

ಕಾಗದಪತ್ರಗಳಲ್ಲಿ ವಿಮೆಯ ಪಾಲಿಸಿಯ ಪ್ರತಿಯನ್ನು ಕೇಳಲೇಬೇಕು. ಅದರಲ್ಲಿ ಸಂಬಳದ ಡ್ರೈವರ್ ಮತ್ತು ಕ್ಲೀನರನ ಹೊಣೆಗೆಂದು ಪ್ರತ್ಯೇಕ ಸಾಲೊಂದು ಇರುತ್ತದೆ. ತಲಾ 50 ರೂಪಾಯಿಯಷ್ಟೇ ಪ್ರೀಮಿಯಂ ಇರುವ ಆ ಸಾಲನ್ನೂ ಉಳಿತಾಯವೆಂದು ಬಿಡುವವರಿದ್ದಾರೆ. ಒಬ್ಬ ಮಾಲಕರು ನನ್ನ ಮೂಲ ಲೈಸೆನ್ಸನ್ನು ತಮ್ಮ ಬಳಿ ಇಟ್ಟುಕೊಳ್ಳುವುದಾಗಿ ಹೇಳಿದರು. ಕೆಲಸ ಬಿಟ್ಟು ಹೋಗದಂತೆ ಹಿಡಿದಿಡುವ ಉಪಾಯವದು. ಝೆರಾಕ್ಸ್ ಕೊಡುತ್ತೇನೆ, ಮೂಲ ಪ್ರತಿ ನನ್ನ ಹತ್ತಿರವೇ ಇರುತ್ತದೆ ಎಂದು ನಮಸ್ಕಾರ ಹೇಳಿ ಬಂದೆ.

ಓವರ್‌ಲೋಡ್ ಬಗ್ಗೆ ಮುಖಾಮುಖಿಯಾಗಿ ಕೇಳಲು ನಮ್ಮ ಹುಡುಗರು ನಾಚುತ್ತಾರೆ, ನಾಚಬಾರದು. ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ್ದಾರೆ. ಹಳೆಯ ಗಾಡಿಯಾದರೆ ಆರ್‌ಸಿಯಲ್ಲಿ ಬರೆದ ತೂಕವೇ ಲೆಕ್ಕ. ಅದನ್ನು ಮೀರಿದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ದಂಡ ಬಿದ್ದರೆ ಡ್ರೈವರನೇ ಕಟ್ಟಬೇಕು ಎನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 113ನೇ ಕಲಮನ್ನು ನೆನಪಿಸಬಹುದು. ಡ್ರೈವರ್ ಮಾಲಕನಲ್ಲದಿದ್ದರೆ, ಅಧಿಕ ಭಾರ ಹೇರಿದ್ದು ಮಾಲಕನ ತಿಳಿವಳಿಕೆಯಿಂದ ಅಥವಾ ಅವನ ಆದೇಶದಿಂದಲೇ ಎಂದು ನ್ಯಾಯಾಲಯ ಭಾವಿಸಬಹುದೆಂದು ಅದರಲ್ಲಿದೆ. ತೂಕದ ಚೀಟಿ ಕೈಗೆ ಬರದೆ ಗಾಡಿ ಹೊರಡಿಸುವುದಿಲ್ಲ ಎಂಬ ನನ್ನ ಮಾತಿಗೆ ಮ್ಯಾನೇಜರರು ತಲೆಯಾಡಿಸಿದ್ದು ನನಗೆ ದೊಡ್ಡ ಭರವಸೆಯಾಯಿತು.

ಸಮಯದ ಒತ್ತಡವನ್ನೂ ಮೊದಲೇ ಮಾತಾಡಿಕೊಂಡೆ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿಗೆ 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಸಿಗುತ್ತದೆ. ಹುಬ್ಬಳ್ಳಿಯಿಂದ ಮುಂಬೈಗೆ ಆ ಲೆಕ್ಕದಲ್ಲಿ ಮೂರು ದಿನ. ಗಾಡಿ ಕೆಟ್ಟರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದು 8 ಗಂಟೆಯವರೆಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ. ಹೀಗಿರುವಾಗ ಬಿಲ್ಲಿನ ಅವಧಿ ಮುಗಿಯುತ್ತದೆ ಎಂದು ಹೆದರಿಸಿ ನಿದ್ದೆಗೆಡಿಸಿ ಓಡಿಸುವುದಕ್ಕೆ ಆಧಾರವಿಲ್ಲ. ರಾತ್ರಿ ಎರಡರಿಂದ ಐದರವರೆಗೆ ಗಾಡಿ ನಿಲ್ಲಿಸುತ್ತೇನೆ ಎಂದು ಹೇಳಿದೆ, ಒಪ್ಪಿದರು. ಎರಡೇ ಪಥವಿದ್ದ ಕಾಲದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಆದ ಅಪಘಾತಗಳನ್ನು ನೋಡಿ ಬೆಳೆದವನಿಗೆ ಈ ವಿಷಯದಲ್ಲಿ ಚೌಕಾಶಿ ಸಾಧ್ಯವಿರಲಿಲ್ಲ.

ನನ್ನ ತೀರ್ಮಾನಕ್ಕೆ ಕೊನೆಯ ಕಾರಣವಾದದ್ದು ಜೊತೆಗೆ ಯಾರು ಕೂರುತ್ತಾರೆ ಎಂಬುದು. ಆ ಕಂಪನಿಯಲ್ಲಿ ಹೊಸಬನನ್ನು ಒಂಟಿಯಾಗಿ ಘಟ್ಟಕ್ಕೆ ಕಳಿಸುವ ಪದ್ಧತಿ ಇರಲಿಲ್ಲ. ಮೊದಲ ತಿಂಗಳುಗಳಲ್ಲಿ ಹಿರಿಯ ಡ್ರೈವರ್ ಒಬ್ಬರು ಪಕ್ಕದಲ್ಲಿದ್ದರು, ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಅರಬೈಲಿನ ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಧಾನ ಮಾಡಿಸಿ, "ಘಟ್ಟ ಏರೂ ಗೇರಿನ್ಯಾಗ ಇಳೀಬೇಕು. ಬ್ರೇಕ್ ಮ್ಯಾಲ ಕಾಲ ಇಟಗೊಂಡ ಕುಂದರಬ್ಯಾಡ, ಎಕ್ಸಾಸ್ಟ್ ಬ್ರೇಕ್ ಹಾಕು" ಎನ್ನುತ್ತಿದ್ದರು. ಎಂಜಿನ್ನಿನ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವುದೇ ಈ ಎಕ್ಸಾಸ್ಟ್ ಬ್ರೇಕ್. ಡ್ರಮ್ ಕಾದು ಬ್ರೇಕ್ ಹಿಡಿಯದಂತಾಗುವುದು ಹೇಗೆ ಎಂಬುದನ್ನು, ಘಟ್ಟ ಇಳಿದ ಮೇಲೆ ಗಾಡಿ ನಿಲ್ಲಿಸಿ ಚಕ್ರದ ಹತ್ತಿರ ಅಂಗೈ ಚಾಚಿ ಶಾಖ ನೋಡಿಸಿ ಹೇಳಿಕೊಟ್ಟರು.

ಪಗಾರ ಕೇಳಿದ್ದು ಇದೆಲ್ಲ ಆದ ಮೇಲೆ. ಬೇರೆಡೆ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು, ಆದರೆ ಪಿಎಫ್ ಇತ್ತು, ಪ್ರತಿ ಟ್ರಿಪ್ಪಿನ ಹಿಸಾಬು ಮುಂದಿನ ಟ್ರಿಪ್ ಹೊರಡುವ ಮೊದಲು ಮುಗಿಯುತ್ತಿತ್ತು. ಹೆಚ್ಚು ಹಣದ ಆಸೆಗೆ ಮೊದಲೇ ಪೆಟ್ರೋಲ್, ಗ್ಯಾಸ್ ಟ್ಯಾಂಕರಿಗೆ ಹೋಗಬಯಸುವವರಿಗೆ ಒಂದು ಮಾತು: ಅಪಾಯಕಾರಿ ಸರಕಿಗೆ ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಳ್ಳಬೇಕು, ಮತ್ತು ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವ ಅಲುಗಾಡಿ ಗಾಡಿಯನ್ನು ತಳ್ಳುವ ಬಲವನ್ನು ಸಾಮಾನ್ಯ ಲೋಡು ಕೈಗೆ ಒಗ್ಗಿದವರು ಮಾತ್ರ ತಡೆದುಕೊಳ್ಳಬಲ್ಲರು. ನಾನು ಆ ತರಬೇತಿ ಮಾಡಿದ್ದು ಘಟ್ಟದಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಡೆಯುತ್ತದೆ ಎಂದು ಕಾಕಾ ಅವರೇ ಕಚೇರಿಯಲ್ಲಿ ಹೇಳಿದ ನಂತರ.